ಐದು ರೂಪಾಯಿಯ ಕನ್ನಡಿ

ನನ್ನ ಬಳಿ ಒಂದು ಜೊತೆ ಬಿಳಿ ಹತ್ತಿಯ ಕೈಗವಸು ಇತ್ತು. ಇತ್ತು ಎನ್ನುವುದಕ್ಕೆ ಕಾರಣವಿದೆ. ಕಳೆದ ವಾರ ಅದರಲ್ಲೊಂದು ಅಡುಗೆಮನೆಯಲ್ಲಿ ಸಿಕ್ಕಿತು. ಮಸಿ ಹಿಡಿದು, ಎಣ್ಣೆ ಕುಡಿದು, ಹೆಬ್ಬೆರಳು ಸುಟ್ಟುಕೊಂಡು, ದೋಸೆ ಕಾವಲಿಯ ಪಕ್ಕದಲ್ಲಿ ಬಿದ್ದಿತ್ತು.

“ಇದನ್ನ ಎಂತಕ್ಕೆ ತಂದದ್ದು ಗೊತ್ತಿದ್ಯಾ?” ಎಂದು ಹೆಂಡತಿಯನ್ನು ಕೇಳಿದೆ.

“ಕೈ ಸುಡಬಾರದು ಅಂದೇಳಿ ತಂದದ್ದಲ್ವಾ?” ಎನ್ನುತ್ತ ಅವಳು ದೋಸೆ ಮಗುಚಿದಳು.

“ನಾಣ್ಯ ಹಿಡಿಯೂಕೆ ತಂದದ್ದು.”

“ಇಷ್ಟು ವರ್ಷ ಬರಿಗೈಲಿ ಹಿಡಿದ್ರಿ. ಆಗ ಎಂತ ಆಗಿತ್ತು?”

ಅವಳು ಹೇಳಿದ್ದು ಸುಳ್ಳಲ್ಲ. ನಾನು ಕಂಡಕ್ಟರನಾಗಿದ್ದವ. ಕುಮಟೆಯಿಂದ ಹೊನ್ನಾವರ, ಹೊನ್ನಾವರದಿಂದ ಭಟ್ಕಳ, ಮತ್ತೆ ತಿರುಗಿ ಅದೇ ದಾರಿ. ನನ್ನ ನೌಕರಿಯ ಬಹುಭಾಗ ಈ ಒಂದೇ ರಸ್ತೆಯಲ್ಲಿ, ಅದೂ ನಿಂತುಕೊಂಡೇ ಕಳೆಯಿತು. ಚರ್ಮದ ಚೀಲದೊಳಗೆ ಕೈಯಾಡಿಸಿ, ಕಣ್ಣು ಕಿಟಕಿಯಾಚೆ ಇಟ್ಟುಕೊಂಡೇ ಎಂಟಾಣೆ ಯಾವುದು, ರೂಪಾಯಿ ಯಾವುದು ಎಂದು ಹೆಕ್ಕಿ ಕೊಡುತ್ತಿದ್ದೆ. ಚಿಲ್ಲರೆಯ ದೆಸೆಯಿಂದ ನನ್ನಷ್ಟು ಬೈಗುಳ ತಿಂದವರು ಈ ಮೂರು ತಾಲೂಕುಗಳಲ್ಲಿ ಯಾರೂ ಇರಲಿಕ್ಕಿಲ್ಲ. ಅಂಥ ಮನುಷ್ಯ ನಿವೃತ್ತನಾದ ಮೇಲೆ ಐದು ರೂಪಾಯಿ ಮುಟ್ಟಲು ಕೈಗವಸು ಹಾಕಿಕೊಳ್ಳುತ್ತಾನೆ ಎಂದರೆ ಹೆಂಡತಿಗೆ ನಗು ಬರುವುದು ಸಹಜ. ನನಗೂ ಒಮ್ಮೊಮ್ಮೆ ಬರುತ್ತದೆ, ಅವಳೆದುರು ತೋರಿಸಿಕೊಳ್ಳುವುದಿಲ್ಲ.

ವಿಷಯ ಇಷ್ಟೇ. ಟಂಕಸಾಲೆಯವರು ನಾಣ್ಯವನ್ನು ಎರಡು ಬಗೆಯಲ್ಲಿ ಮಾಡುತ್ತಾರೆ. ಒಂದು ನಮ್ಮ ನಿಮ್ಮ ಕಿಸೆಯದು. ಯಂತ್ರ ಬಿಡುವಿಲ್ಲದೆ ಬಡಿಯುತ್ತದೆ, ನಾಣ್ಯ ಒಂದರ ಮೇಲೊಂದು ರಾಶಿ ಬೀಳುತ್ತದೆ, ಚೀಲ ಸೇರುವ ಮೊದಲೇ ಅದರ ಮೈಮೇಲೆ ಗೀರು ಬಿದ್ದಿರುತ್ತದೆ. ಇನ್ನೊಂದು ಪ್ರೂಫ್ ನಾಣ್ಯ. ಇದಕ್ಕೆ ಅಚ್ಚನ್ನೂ ಉಜ್ಜಿ ಹೊಳಪು ಕೊಡುತ್ತಾರೆ, ಅಚ್ಚಿಗೆ ಹಾಕುವ ಬಿಲ್ಲೆಯನ್ನೂ ಉಜ್ಜುತ್ತಾರೆ, ಅವಸರವಿಲ್ಲದೆ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ, ಕೈ ತಾಗಿಸದೆ ಎತ್ತಿ ಡಬ್ಬಿಯಲ್ಲಿ ಕೂರಿಸುತ್ತಾರೆ. ಅದನ್ನು ಕೊಟ್ಟು ಬಾಳೆಹಣ್ಣು ಕೊಂಡರೆ ಅಂಗಡಿಯವ ಬೇಡ ಎನ್ನುವ ಹಾಗಿಲ್ಲ, ಸರಕಾರದ ನಾಣ್ಯವೇ ತಾನೆ. ಆದರೆ ಯಾರೂ ಕೊಳ್ಳುವುದಿಲ್ಲ. ಅದು ಇರುವುದು ನೋಡಲಿಕ್ಕೆ.

ನನಗೆ ಹೊಳೆಯುವ ನಾಣ್ಯದ ಹುಚ್ಚು ಚಿಕ್ಕಂದಿನಿಂದಲೇ ಇತ್ತೆಂದು ಕಾಣುತ್ತದೆ. ಕುಮಟೆಯ ನಮ್ಮ ಬಾಡಿಗೆಮನೆಯ ದೇವರ ಗೂಡಿನಲ್ಲಿ ಅಮ್ಮ ಕಮಲದ ಹೂವಿನ ಇಪ್ಪತ್ತು ಪೈಸೆಯೊಂದನ್ನು ಇಟ್ಟಿದ್ದಳು. ಹಳದಿ ಬಣ್ಣದ ನಾಣ್ಯ. ಅದರಲ್ಲಿ ಚಿನ್ನ ಬೆರೆಸಿದ್ದಾರೆ ಎಂದು ಊರಿನಲ್ಲೆಲ್ಲ ಸುದ್ದಿ. ಬೆರೆಸಿರಲಿಲ್ಲ, ಆದರೆ ಹಾಗೆ ನಂಬಿದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ದೀಪದ ಕಂಬ, ಗಂಟೆ, ಹರಿವಾಣಗಳ ಜೊತೆಗೆ ಆ ನಾಣ್ಯವನ್ನೂ ಉಜ್ಜುವ ಕೆಲಸ ನನ್ನದು. ಮುರುಗಲ ಹಣ್ಣಿನ ಹುಳಿ ಸಿಪ್ಪೆ, ಒಲೆಯ ಬೂದಿ, ತೆಂಗಿನ ನಾರು ಇವಿಷ್ಟಿದ್ದರೆ ನಮ್ಮ ಕಡೆ ಕಿಲುಬು ಹಿಡಿದ ಯಾವ ವಸ್ತುವೂ ಹೊಸದಾಗುತ್ತದೆ.

ಒಮ್ಮೆ ಉತ್ಸಾಹ ಹೆಚ್ಚಾಗಿ ನನ್ನ ಕಿಸೆಯ ಹತ್ತು ಪೈಸೆಯನ್ನೂ ಉಜ್ಜಿದೆ. ಹೂವಿನೆಸಳಿನಂತೆ ಅಂಚಿದ್ದ ಹಗುರ ನಾಣ್ಯ ಅದು. ಪಳಪಳ ಎನ್ನುವಂತೆ ಮಾಡಿ, ಹೊಳನಗದ್ದೆಗೆ ಹೋಗುವ ದಾರಿಯ ಅಂಗಡಿಗೆ ಪೆಪ್ಪರಮೆಂಟು ತರಲು ಹೋದರೆ ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದೆ ಕೊಟ್ಟರು. “ಇಷ್ಟು ಹೊಳೀತದೆ ಅಂದ್ರೆ ಇದು ಸರಕಾರದ್ದಲ್ಲ” ಎಂದರು. ನಾನು ಗದ್ದೆಯ ಅಂಚಿಗೆ ಹೋಗಿ ಅದಕ್ಕೆ ಕೆಸರು ಮೆತ್ತಿ, ಚಡ್ಡಿಗೆ ಒರೆಸಿ, ಮತ್ತೆ ತಂದು ಕೊಟ್ಟೆ. ಈ ಸಲ ಸರಾಗವಾಗಿ ನಡೆಯಿತು.

ಇಷ್ಟೆಲ್ಲ ಆದರೂ ಪ್ರೂಫ್ ನಾಣ್ಯವನ್ನು ನಾನು ಮೊದಲು ನೋಡಿದ್ದು ಮೀನಿನ ಬುಟ್ಟಿಯ ಪಕ್ಕದಲ್ಲಿ. ಅದನ್ನು ತೋರಿಸಿದವಳು ಗಿರಿಜಕ್ಕ.

ಗಿರಿಜಕ್ಕ ಭಟ್ಕಳದ ಹತ್ತಿರದ ಬೆಳಕೆಯವಳು. ಗಂಡ ದೋಣಿಗೆ ಹೋಗುವವನು. ಇವಳು ಭಟ್ಕಳ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ನಮ್ಮ ಬಸ್ಸು ಹತ್ತಿ ಮಂಕಿಯಲ್ಲಿ ಇಳಿದು ಮನೆಮನೆಗೆ ಮೀನು ಮಾರುತ್ತಿದ್ದಳು. ಬುಟ್ಟಿಯನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ದಿನಾ ಜಗಳ. ಬಾಗಿಲ ಬಳಿ ಬೇಡ ಎಂದರೆ ಡ್ರೈವರನ ಹಿಂದೆ, ಅಲ್ಲಿ ಬೇಡ ಎಂದರೆ ನನ್ನ ಕಾಲ ಬುಡದಲ್ಲಿ. ಕೊನೆಗೆ ಬುಟ್ಟಿ ಅವಳಿಗೆ ಬೇಕಾದಲ್ಲೇ ಕೂರುತ್ತಿತ್ತು. ಅವಳು ಕೊಟ್ಟ ನಾಣ್ಯಕ್ಕೆ ಬಂಗಡೆಯ ವಾಸನೆ. ಚೀಲದಲ್ಲಿ ಬಿದ್ದ ಮೇಲೆ ಅದರ ವಾಸನೆ ಉಳಿದ ನಾಣ್ಯಕ್ಕೂ ಹತ್ತಿ, ಸಂಜೆ ಡಿಪೋದಲ್ಲಿ ಕ್ಯಾಷಿಯರು ಮೂಗು ಮುಚ್ಚಿಕೊಂಡು ನನ್ನ ಲೆಕ್ಕ ತೆಗೆದುಕೊಳ್ಳುತ್ತಿದ್ದರು.

ಅವಳ ಅಣ್ಣ ಬೊಂಬಾಯಿಯ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ. ಗಿರಿಜಕ್ಕನ ಪಾಲಿಗೆ ದೇಶದ ನಾಣ್ಯವನ್ನೆಲ್ಲ ಅವನೊಬ್ಬನೇ ಕೂತು ಮಾಡುತ್ತಿದ್ದ. ನಾನು ಚಿಲ್ಲರೆ ಕೊಟ್ಟರೆ ಎಣಿಸುತ್ತಿರಲಿಲ್ಲ, ಇಸವಿಯ ಕೆಳಗೆ ಕಣ್ಣು ಹಾಯಿಸುತ್ತಿದ್ದಳು.

“ತಮಾ, ಇಲ್ಲಿ ಕಾಣು. ಶಂಕರಪೋಳಿ ತುಂಡಿನ ಹಾಂಗೆ ಸಣ್ಣ ಗುರುತು ಇದ್ಯಲ್ಲ, ಇದು ನಮ್ಮಣ್ಣನ ಕೈದು.”

“ಮತ್ತೆ ಇದು?” ಎಂದು ಇನ್ನೊಂದು ತೋರಿಸಿದರೆ, “ನಕ್ಷತ್ರ ಇದ್ದದ್ದು ಹೈದರಾಬಾದಿಂದು. ಇದು ಬ್ಯಾಡ, ಬದಲು ಕೊಡು” ಎನ್ನುತ್ತಿದ್ದಳು.

“ಎರಡೂ ರೂಪಾಯಿಯೇ ಮಾರಾಯ್ತಿ.”

“ರೂಪಾಯಿ ಹೌದು. ನಮ್ಮಣ್ಣಂದಲ್ಲ.”

ಹಿಂದಿನ ಸೀಟಿನವರು ಟಿಕೆಟ್ಟು ಟಿಕೆಟ್ಟು ಎಂದು ಕೂಗುತ್ತಿರುವಾಗ ನಾನು ಚೀಲದಲ್ಲಿ ಶಂಕರಪೋಳಿ ಹುಡುಕುತ್ತಿದ್ದೆ. ಮುಂಬಯಿಯ ಮಾಮೂಲು ನಾಣ್ಯಕ್ಕೆ ವಜ್ರದಾಕಾರದ ಗುರುತು, ಹೈದರಾಬಾದಿನದಕ್ಕೆ ನಕ್ಷತ್ರ ಎಂದು ನಾನು ಕಲಿತದ್ದು ಹೀಗೆ, ಬೈಯಿಸಿಕೊಂಡು.

ಒಂದು ಬಾರಿ ಚೌತಿ ಮುಗಿದ ಮೇಲೆ ಬಸ್ಸು ಖಾಲಿ ಇತ್ತು. ಗಿರಿಜಕ್ಕ ಸೆರಗಿನ ಗಂಟು ಬಿಚ್ಚಿ ಉರುಟಾದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದಳು. ಪಾರದರ್ಶಕ ಡಬ್ಬಿ, ಒಳಗೆ ಐದು ರೂಪಾಯಿ. ಅಣ್ಣ ಹಬ್ಬಕ್ಕೆ ಬಂದವ ಕೊಟ್ಟುಹೋಗಿದ್ದನಂತೆ. ಆ ಸಲದ ಕೆಲಸದಲ್ಲಿ ಅವನ ಕೈಯೂ ಇತ್ತು. ಆದ್ದರಿಂದ ತನ್ನದೇ ದುಡ್ಡು ಕೊಟ್ಟು ಒಂದು ಸೆಟ್ ಕೊಂಡಿದ್ದ. ಸೆಟ್ ಎಂದರೆ ಎರಡು ನಾಣ್ಯ, ಬೆಳ್ಳಿ ಬೆರೆಸಿದ ನೂರು ರೂಪಾಯಿಯದೊಂದು, ಐದರದೊಂದು. ದೊಡ್ಡದನ್ನು ತಾನಿಟ್ಟುಕೊಂಡು ಸಣ್ಣದನ್ನು ತಂಗಿಗೆ ಕೊಟ್ಟಿದ್ದ. ನಾಣ್ಯ ಸಂಗ್ರಹಿಸುವವರು ಕೇಳಿದರೆ ಎದೆ ಬಡಿದುಕೊಳ್ಳುತ್ತಾರೆ, ಸೆಟ್ ಒಡೆಯುವುದೆಂದರೆ ಅವರಿಗೆ ಅಷ್ಟು ಸಂಕಟ.

“ಇದು ಮೀನು ತಕಳೂಕೆ ಅಲ್ಲ, ನೋಡೂಕೆ ಅಂದೇಳಿ ಕೊಟ್ಟ” ಎಂದಳು.

ನಾನು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಾಣ್ಯದ ಬಯಲು ಅಪ್ಪಟ ಕನ್ನಡಿ, ನನ್ನ ಮೂಗು ಅದರಲ್ಲಿ ದೊಡ್ಡದಾಗಿ ಕಂಡಿತು. ಸಿಂಹಗಳು ಮಾತ್ರ ಬೆಳ್ಳಗೆ, ಹೊಳಪಿಲ್ಲದೆ, ನುಣ್ಣನೆಯ ಅಕ್ಕಿಹಿಟ್ಟು ಉದುರಿಸಿದ ಹಾಗೆ ಮೇಲೆದ್ದು ನಿಂತಿದ್ದವು. ಇಸವಿಯ ಕೆಳಗೆ ಶಂಕರಪೋಳಿ ಇರಲಿಲ್ಲ, ಅಲ್ಲಿ ಇಂಗ್ಲಿಷಿನ ಎಂ ಅಕ್ಷರವಿತ್ತು.

“ಇದ್ರಲ್ಲಿ ನಿಮ್ಮಣ್ಣನ ಗುರುತೇ ಇಲ್ಲವಲ್ಲ” ಎಂದು ಕಾಡಿಸಿದೆ.

“ಬಾರೀ ಚಂದ ಆದದ್ದಕ್ಕೆ ಬೇರೆ ಗುರುತು ಹಾಕ್ತ್ರಂತೆ” ಎಂದಳು. ಆಮೇಲೆ ಡಬ್ಬಿಯನ್ನು ಮುಖದೆದುರು ಹಿಡಿದು, ಬಸ್ಸು ಕುಲುಕುತ್ತಿದ್ದರೂ, ಹಣೆಯ ಬೊಟ್ಟು ನೆಟ್ಟಗಿದೆಯೇ ಎಂದು ನೋಡಿಕೊಂಡಳು. “ಮುಖ ಪೂರ್ತಿ ಕಾಂಬುದಿಲ್ಲ. ಹಣೆ ಕಂಡ್ರೆ ಸಾಕಲ್ಲ ನಂಗೆ.”

ಅವತ್ತಿನಿಂದ ನನಗೆ ಗಾಳಿ ಹಿಡಿಯಿತು. ಮೊದಮೊದಲು ಹೊಸ ನಾಣ್ಯ ಕಂಡರೆ ಸಾಕು, ಪ್ರೂಫ್ ಎಂದುಕೊಂಡು ಎತ್ತಿಡುತ್ತಿದ್ದೆ. ಆಮೇಲೆ ಫೋನಿನಲ್ಲಿ ಮಾರುವವರು ಸಿಕ್ಕರು. ‘ಅಪರೂಪದ ಪ್ರೂಫ್’ ಎಂದು ಚಿತ್ರ ಹಾಕಿದ್ದ ಎರಡು ರೂಪಾಯಿಯನ್ನು ಹೆಂಡತಿಗೆ ಹೇಳದೆ ತರಿಸಿಕೊಂಡೆ. ಅಬ್ಬಾ, ಅದರ ಹೊಳಪು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಭಟ್ಕಳದ ಇಕ್ಬಾಲ್ ಭಾಯಿಯ ಅಂಗಡಿಗೆ ಹೋದೆ. ಇಕ್ಬಾಲ್ ಭಾಯಿ ಗಡಿಯಾರ ರಿಪೇರಿಯವರು, ಹಳೆಯ ನಾಣ್ಯ ಕೂಡಿಡುವವರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಬಹಳ ಮರ್ಯಾದೆಯಿಂದ ನಾಣ್ಯವನ್ನು ಮೇಜಿನ ಮೇಲೆ ಇಟ್ಟರು.

“ಕಂಡಕ್ಟರ್ ಸಾಹೇಬ್ರೆ, ಇದಕ್ಕೆ ಬರೀ ಮೇಕಪ್ ಮಾಡಿದ್ದಾರೆ.”

“ಹೇಗೆ ಗೊತ್ತಾಯ್ತು?”

“ಹೊಳೆಯೋದು ಬೇರೆ, ಮುಖ ತೋರಿಸೋದು ಬೇರೆ” ಎಂದು ಅವರು ಪಕ್ಕದಲ್ಲಿದ್ದ ಪೇಪರನ್ನು ನಾಣ್ಯದ ಹತ್ತಿರ ನಿಲ್ಲಿಸಿದರು. ನನ್ನ ನಾಣ್ಯದಲ್ಲಿ ಬರೀ ಬಿಳಿ ಮಬ್ಬು. ಆಮೇಲೆ ತಮ್ಮ ಪೆಟ್ಟಿಗೆಯಿಂದ ಒಂದು ಪ್ರೂಫ್ ತೆಗೆದು ಹಾಗೆಯೇ ಹಿಡಿದರು. ಅದರೊಳಗೆ ಅಕ್ಷರಗಳು ತಿರುಗುಮುರುಗಾಗಿ ಸ್ಪಷ್ಟವಾಗಿ ನಿಂತಿದ್ದವು. ಮಾಮೂಲು ಹೊಸ ನಾಣ್ಯವನ್ನು ಓರೆ ಮಾಡಿ ತಿರುಗಿಸಿದರೆ ಬೆಳಕು ಗಾಲಿಯ ಹಾಗೆ ಸುತ್ತು ಬರುತ್ತದೆ, ಪ್ರೂಫಿನಲ್ಲಿ ಬಯಲು ಒಮ್ಮೆ ಕಪ್ಪಾಗುತ್ತದೆ, ಒಮ್ಮೆ ಬೆಳ್ಳಗಾಗುತ್ತದೆ. ಅಂಚಿನ ಮೇಲೆ ಉಗುರು ಓಡಿಸಿದರೆ ಪ್ರೂಫಿನದು ಚೂಪು, ಮಾಮೂಲಿನದು ಸ್ವಲ್ಪ ಬೋಳು. ಮೇಕಪ್ ಮಾಡಿದ್ದರಲ್ಲಿ ಅಕ್ಷರವೂ ಬಯಲೂ ಒಂದೇ ಸಮ ಹೊಳೆಯುತ್ತವೆ, ಭೂತಗನ್ನಡಿಯಲ್ಲಿ ನೋಡಿದರೆ ಉಜ್ಜಿದ ಗೆರೆ ಕಾಣುತ್ತದೆ. ಇದೆಲ್ಲ ಹೇಳಿಕೊಟ್ಟ ಮೇಲೆ ಅವರು ನನಗೆ ಚಹಾ ತರಿಸಿದರು. ಮೋಸ ಹೋದ ಗಿರಾಕಿಗೆ ಅಷ್ಟು ಮರ್ಯಾದೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಅಲ್ಲಿಂದ ಮುಂದೆ ನಾನು ಊರಿಗೆಲ್ಲ ನಾಣ್ಯದ ಪಂಡಿತನಾದೆ. ಮದುವೆಮನೆಯಲ್ಲಿ, ಸಲೂನಿನಲ್ಲಿ, ದಂತವೈದ್ಯರ ಬಾಗಿಲಲ್ಲಿ, ಯಾರಾದರೂ ಕಿಸೆಯಿಂದ ಚಿಲ್ಲರೆ ತೆಗೆದರೆ ಸಾಕು, ನನ್ನ ಭಾಷಣ ಶುರು. ಜನ ಎದ್ದುಹೋಗುವ ಮೊದಲು ಒಂದು ಕೆಮ್ಮು ಕೆಮ್ಮುತ್ತಾರೆ. ಆ ಕೆಮ್ಮು ನನಗೆ ಈಗ ಚೆನ್ನಾಗಿ ಪರಿಚಯವಾಗಿದೆ.

ಈಚೆಗೆ ಒಂದು ದಿನ ಗಿರಿಜಕ್ಕನ ಫೋನು ಬಂತು. ಬುಟ್ಟಿ ಹೊರುವುದನ್ನು ಬಿಟ್ಟು ಅವಳಿಗೆ ಕೆಲವು ವರ್ಷಗಳಾಗಿದ್ದವು. ಅಣ್ಣ ಹಿಂದಿನ ವರ್ಷ ಬೊಂಬಾಯಿಯಲ್ಲಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು.

“ತಮಾ, ಅಣ್ಣನ ಮಗ ದಿನೇಶ ಭಾನುವಾರ ಬತ್ತಾನಂತೆ. ಆ ಐದು ರೂಪಾಯಿ ಕೇಳ್ತಾ ಇದ್ದಾನೆ. ನೀನು ಅದಕ್ಕೂ ಮುಂಚೆ ಒಂದ್ಸಲ ಬಂದು ಅದನ್ನ ಕಂಡು ಹೋಗು.”

ನಾನು ಕೈಗವಸು, ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಬೆಳಕೆಗೆ ಹೊರಟೆ. ಹೊರಡುವಾಗ ಡಾಕ್ಟರಂಥ ಗತ್ತು ಬಂದಿತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಗಿರಿಜಕ್ಕನ ಗಂಡ, ಮಗ ಇಬ್ಬರೂ ದೋಣಿಗೆ ಹೋಗಿದ್ದರು. ಮನೆಯಲ್ಲಿ ಅವಳು, ಸೊಸೆ ಶೈಲಾ ಇಬ್ಬರೇ. ಶೈಲಾ ಜಗುಲಿಯ ತುದಿಯಲ್ಲಿ ಕೂತು ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತಿದ್ದಳು. ಗಿರಿಜಕ್ಕ ವಿಷಯ ಹೇಳಿದಳು. ದಿನೇಶನ ಹತ್ತಿರ ಅಪ್ಪನ ಪೆಟ್ಟಿಗೆ ಉಳಿದಿದೆ. ಅದರಲ್ಲಿ ನೂರು ರೂಪಾಯಿಯ ನಾಣ್ಯವಿದೆ, ಪಕ್ಕದಲ್ಲಿ ಐದರ ಕುಳಿ ಖಾಲಿ. ಪೆಟ್ಟಿಗೆಯನ್ನು ಕೊಳ್ಳಲು ಯಾರೋ ಒಪ್ಪಿದ್ದಾರೆ, ಆದರೆ ಪೂರ್ತಿ ಸೆಟ್ ಬೇಕಂತೆ. ಐದು ರೂಪಾಯಿ ಅಸಲಿ ಪ್ರೂಫೇ ಆಗಿರಬೇಕಂತೆ.

“ನಿಂಗೆ ಕೊಡೂಕೆ ಮನಸ್ಸಿದ್ಯಾ?” ಎಂದು ಕೇಳಿದೆ.

“ಇಲ್ಲ” ಎಂದಳು. “ಅಣ್ಣಂದು ಅಂತ ನನ್ನತ್ರ ಇರೂದು ಅದೊಂದೇ. ಆದ್ರೆ ಅವನ ಮಗ ಬಾಯಿಬಿಟ್ಟು ಕೇಳ್ದ ಮೇಲೆ ಇಲ್ಲ ಹೇಳೂಕಾಗ್ತದ್ಯಾ? ಅಣ್ಣ ಇಲ್ಲ, ಈಗ ತವರು ಅಂದ್ರೆ ಈ ಹುಡುಗನೇ” ಎಂದಳು. ಆಮೇಲೆ ನನ್ನ ಮುಖ ನೋಡದೆ, “ಇದು ಅಂಥಾದ್ದಲ್ಲ, ಮಾಮೂಲಿಂದು ಅಂತ ನೀನು ಹೇಳೂಕೆ ಬತ್ತದ್ಯಾ?” ಎಂದು ಕೇಳಿದಳು.

ನೋಡಿ, ಆ ಹೊತ್ತಿಗೆ ಬುದ್ಧಿಯಿದ್ದವನು ನಾಣ್ಯವನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದ. ನಾನು ಆಗಲೇ ಕೈಗವಸು ಹಾಕಿಕೊಂಡು ಡಬ್ಬಿ ಬಿಚ್ಚಿದ್ದೆ. ಇಷ್ಟು ವರ್ಷ ಸೆರಗಿನ ಗಂಟಿನಲ್ಲಿ, ಮೀನುಬುಟ್ಟಿಯ ಸಂಗಡ ತಿರುಗಿದ್ದರೂ ಡಬ್ಬಿಯೊಳಗಿನ ನಾಣ್ಯಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಗೋಡೆಯ ಕ್ಯಾಲೆಂಡರು ತರಿಸಿ ಅಂಕಿಗಳನ್ನು ಅದರಲ್ಲಿ ಓದಿ ತೋರಿಸಿದೆ. ಎಂ ಅಕ್ಷರ ತೋರಿಸಿದೆ. “ನೂರಕ್ಕೆ ನೂರು ಪ್ರೂಫ್. ಇದನ್ನ ಮಾಮೂಲು ಅಂದ್ರೆ ಯಾರೂ ನಂಬೂದಿಲ್ಲ” ಎಂದು, ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ತಲೆಯೆತ್ತಿದೆ. ಆಗ ಗಿರಿಜಕ್ಕನ ಮುಖ ಕಂಡಿತು.

“ಆತು” ಎಂದು ಅವಳು ಚಹಾ ಮಾಡಲು ಒಳಗೆ ಹೋದಳು.

ನನಗೆ ಸುಮ್ಮನೆ ಕೂರಲಾಗಲಿಲ್ಲ. ಸುಮ್ಮನೆ ಕೂರಲಾಗದಿದ್ದರೆ ನಾನು ಮಾಡುವುದೊಂದೇ, ಭಾಷಣ. ಎದುರಿಗಿದ್ದವಳು ಶೈಲಾ. ಅಚ್ಚನ್ನು ಉಜ್ಜುವುದು, ಬಿಲ್ಲೆಯನ್ನು ಉಜ್ಜುವುದು, ಎಲ್ಲ ಹೇಳಿದೆ. ಅವಳು ಕೆಮ್ಮಲಿಲ್ಲ. ಶೆಟ್ಲಿ ಸುಲಿಯುತ್ತಲೇ ಕೇಳಿದಳು.

“ಕೈ ತಾಗಿದ್ರೆ ಎಂತ ಆಗ್ತದೆ ಮಾವ?”

“ಬೆರಳಿನ ಗುರುತು ಕೂತುಬಿಡ್ತದೆ. ಬೆಲೆ ಇಳೀತದೆ.”

“ಅದಕ್ಕೆ ತೊಳದ್ರೆ?”

“ಅಯ್ಯೋ, ತೊಳೂದು ಅಂತ ಹೇಳೂದೇ ಬ್ಯಾಡ. ಅದರಲ್ಲೂ ನಮ್ಮ ಕಡೆ ಹಾಂಗೆ ಬೂದಿ ಹಾಕಿ ತಿಕ್ಕಿದ್ರೆ ಮುಗೀತು. ಕನ್ನಡಿ ಹೋತದೆ. ಮತ್ತೆ ಟಂಕಸಾಲೆಯವ್ರ ಹತ್ರವೂ ಸರಿ ಮಾಡೂಕಾಗುದಿಲ್ಲ. ಎಂ ಅಕ್ಷರ ಇದ್ದರೂ ಬರೀ ಐದು ರೂಪಾಯಿ. ಯಾರೂ ಸೆಟ್ಟಿಗೆ ಸೇರಿಸ್ಕಂಬುದಿಲ್ಲ.”

“ಹೌದಾ” ಎಂದು ಅವಳು ಸಿಪ್ಪೆಯನ್ನು ಬೆಕ್ಕಿಗೆ ಹಾಕಿದಳು. ಇಂಥ ಒಳ್ಳೆಯ ಶ್ರೋತೃ ಸಿಕ್ಕಿದ ಖುಷಿಯಲ್ಲಿ ನಾನು ಅಂಚಿನ ವಿಷಯವನ್ನೂ ಹೇಳಿ ಚಹಾ ಕುಡಿದು ಬಂದೆ.

ಭಾನುವಾರ ಮತ್ತೆ ಹೋದೆ. ಅಸಲಿಯೇ ಎಂದು ಹೇಳುವವರು ಎದುರಿಗಿರಲಿ ಎಂದು ದಿನೇಶನೇ ಕೇಳಿಕೊಂಡಿದ್ದ. ಅವನನ್ನು ನಾನು ಮನಸ್ಸಿನಲ್ಲೇ ಒರಟನನ್ನಾಗಿ ಮಾಡಿಕೊಂಡಿದ್ದೆ. ನೋಡಿದರೆ ಮೆತ್ತಗಿನ ಮನುಷ್ಯ, ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಮಾತು ಅರ್ಧ ಕನ್ನಡ ಅರ್ಧ ಮರಾಠಿ. ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ನೀಲಿ ಮಖಮಲ್ಲಿನ ಹಾಸು, ನೂರು ರೂಪಾಯಿ ಬೆಳಗುತ್ತಿತ್ತು. ಪಕ್ಕದ ಐದರ ಕುಳಿ ಖಾಲಿ ಇತ್ತು.

“ಅಪ್ಪ ಇದನ್ನ ತೆಗೆದು ನೋಡಿದಾಗೆಲ್ಲ ನಿಮ್ಮ ಹೆಸರು ಹೇಳೋರು ಅತ್ತೆ” ಎಂದ. ಗಿರಿಜಕ್ಕ ಕಣ್ಣೊರೆಸಿಕೊಂಡಳು.

ಆಮೇಲೆ ಅವಳು, “ಶೈಲಾ, ದೇವರ ಗೂಡಿಂದ ಆ ಡಬ್ಬಿ ತಕಂಬಾ” ಎಂದಳು. ಶೈಲಾ ಡಬ್ಬಿ ತಂದು ಅತ್ತೆಯ ಕೈಗೇ ಕೊಟ್ಟಳು. ಗಿರಿಜಕ್ಕ ರೂಢಿಯಂತೆ ಅದನ್ನು ಒಂದು ಸಲ ಮುಖದೆದುರು ಹಿಡಿದಳು, ಹಿಡಿದವಳು ಹಾಗೆಯೇ ಕೂತಳು. ಓರೆ ಮಾಡಿದಳು. ಮತ್ತೆ ಹಿಡಿದಳು.

“ತಮಾ, ನಂಗೆ ಹಣೆ ಕಾಂಬುದಿಲ್ಲ.”

ನಾನು ಡಬ್ಬಿ ತೆಗೆದುಕೊಂಡೆ. ಒಳಗಿನ ನಾಣ್ಯ ಹೊಳೆಯುತ್ತಿತ್ತು, ಬಹಳ ಹೊಳೆಯುತ್ತಿತ್ತು. ಆದರೆ ಸಿಂಹದ ಬೆಳ್ಳಗಿನ ಮೈಯೂ ಹೊಳೆಯುತ್ತಿತ್ತು, ಬಯಲೂ ಹೊಳೆಯುತ್ತಿತ್ತು, ಎಲ್ಲ ಒಂದೇ ಸಮ. ಭೂತಗನ್ನಡಿ ಬೇಕಾಗಲಿಲ್ಲ, ತಿಕ್ಕಿದ ಗೆರೆಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಅಂಚಿನ ಸಂದಿಯಲ್ಲಿ ಚೂರು ಬೂದಿ ಉಳಿದಿತ್ತು.

“ಎಂತ ಮಾಡಿದ್ಯೇ ಇದಕ್ಕೆ?” ಎಂದು ಗಿರಿಜಕ್ಕ ಸೊಸೆಯನ್ನು ಕೇಳಿದಳು.

“ಬೇರೆಯವ್ರಿಗೆ ಕೊಡೂದಲ್ವಾ ಅತ್ತೆ. ಮೀನಿನ ವಾಸ್ನೆ ಇರೂದು ಬ್ಯಾಡ ಅಂದೇಳಿ ಮುರುಗಲ ಸಿಪ್ಪೆ, ಬೂದಿ ಹಾಕಿ ತಿಕ್ಕಿದೆ” ಎಂದಳು ಶೈಲಾ. ತಲೆ ಎತ್ತಲಿಲ್ಲ.

ದಿನೇಶ ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿದ್ದ ಪ್ರಶ್ನೆ ನನಗೆ ಅರ್ಥವಾಯಿತು. “ಅಂಕಲ್, ಇದು ಅದೇನಾ? ಅಪ್ಪ ಕೊಟ್ಟಿದ್ದೇನಾ? ಬೇರೆ ಯಾವುದಾದರೂ ಅಲ್ವಲ್ಲ?” ಎಂದು ಕೇಳಿದ.

ಹೊಳಪು ಹೇಳಬೇಕಾದ್ದನ್ನು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ನಾನು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟು ಇಸವಿಯ ಕೆಳಗೆ ನೋಡಲು ಹೇಳಿದೆ. ಎಂ ಅಕ್ಷರ ಉಳಿದಿತ್ತು. ಮಾಮೂಲು ಐದು ರೂಪಾಯಿಯೊಂದನ್ನು ಪಕ್ಕದಲ್ಲಿಟ್ಟು ಅದರ ವಜ್ರದ ಗುರುತನ್ನೂ ತೋರಿಸಿದೆ. ಅಂಚಿನ ಮೇಲೆ ಉಗುರು ಓಡಿಸಲು ಹೇಳಿದೆ. “ಇದೇ ನಿಮ್ಮಪ್ಪ ಕೊಟ್ಟ ನಾಣ್ಯ. ಅದರಲ್ಲಿ ಸಂಶಯ ಬೇಡ. ಆದರೆ ಕೊಳ್ಳುವವರು ಇನ್ನು ಇದನ್ನು ತಕ್ಕೊಳ್ಳೂದಿಲ್ಲ” ಎಂದೆ.

ಅವನು ನಾಣ್ಯವನ್ನು ಖಾಲಿ ಕುಳಿಯಲ್ಲಿ ಕೂರಿಸಿ ನೋಡಿದ. ಸರಿಯಾಗಿ ಕೂತಿತು. ಪಕ್ಕದ ನೂರು ರೂಪಾಯಿಯಲ್ಲಿ ಜಗುಲಿಯ ಮಾಡಿನ ಪಕಾಸಿ, ಹೊರಗಿನ ಬೆಳಕು ಎಲ್ಲ ಕಾಣುತ್ತಿತ್ತು. ಇದು ಆಗಷ್ಟೇ ತೊಳೆದಿಟ್ಟ ಪಾತ್ರೆಯಂತಿತ್ತು. ಅವನು ಸಿಟ್ಟು ಮಾಡಬಹುದಿತ್ತು, ಮಾಡಿದರೆ ತಪ್ಪೆನ್ನುವ ಹಾಗೆಯೂ ಇರಲಿಲ್ಲ. ಆದರೆ ಅವನು ನಾಣ್ಯವನ್ನು ಕುಳಿಯಿಂದ ತೆಗೆದು ಅತ್ತೆಯ ಅಂಗೈಯಲ್ಲಿ ಇಟ್ಟ.

“ನಿಮಗೆ ಕೊಟ್ಟದ್ದು, ನಿಮ್ಮತ್ರವೇ ಇರ್ಲಿ. ಅಪ್ಪ ಇದ್ದಿದ್ರೆ ಇದನ್ನ ನೋಡಿ ನಗಾಡ್ತಿದ್ರು” ಎಂದ. ಹೇಳುವಾಗ ಅವನಿಗೂ ಸ್ವಲ್ಪ ನಗು ಬಂತು.

ಊಟಕ್ಕೆ ನೊಗಲಿ ಮೀನಿನ ಸಾರು, ಶೆಟ್ಲಿ ಸುಕ್ಕ. ಗಿರಿಜಕ್ಕ ಬಡಿಸುತ್ತಲೇ ಸೊಸೆಯನ್ನು ಬೈದಳು. ನಾಣ್ಯ ಸೊಂಟದ ಗಂಟಿನಲ್ಲಿ ಭದ್ರವಾಗಿತ್ತು, ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಹುಡುಗ ಅಷ್ಟು ದೂರದಿಂದ ಬಂದು ಬರಿಗೈಲಿ ಹೋಗುವ ಹಾಗಾಯಿತು ಎಂದು ಬೈದಳು, ಕೇಳದೆ ಮಾಡಿದಳೆಂದು ಬೈದಳು, ಇಷ್ಟು ವರ್ಷ ತಾನು ಡಬ್ಬಿ ಬಿಚ್ಚದೆ ಇಟ್ಟುಕೊಂಡದ್ದನ್ನು ಒಂದು ಬೆಳಿಗ್ಗೆ ಪಾತ್ರೆಯ ಸಂಗಡ ಹಾಕಿ ತಿಕ್ಕಿದಳೆಂದು ಬೈದಳು. ಶೈಲಾ ನೀರಿನ ಚೊಂಬು ತಂದಿಟ್ಟಳು. ದಿನೇಶನಿಗೇ ಪಾಪ ಎನ್ನಿಸಿ, “ಬಿಡಿ ಅತ್ತೆ, ಅತ್ತಿಗೆಗೆ ಗೊತ್ತಿರ್ಲಿಲ್ಲ” ಎಂದ. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿತ್ತು.

ನಾನು ಹೊರಟಾಗ ಶೈಲಾ ಒಣಮೀನಿನ ಪೊಟ್ಟಣ ಹಿಡಿದುಕೊಂಡು ಹೆದ್ದಾರಿಯವರೆಗೆ ಬಂದಳು. ಬಸ್ಸು ಕಾಯುತ್ತ ನಿಂತೆವು. ಬೈಸಿಕೊಂಡ ಹೆಣ್ಣುಮಗಳಿಗೆ ಸಮಾಧಾನ ಹೇಳದೆ ಹೋಗುವುದು ಹೇಗೆ ಎಂದು, “ಮನಸಿಗೆ ಹಚ್ಕಳೂದು ಬ್ಯಾಡ ತಂಗಿ. ನಿಂಗೆ ಗೊತ್ತಿಲ್ಲದೆ ಆದದ್ದು” ಎಂದೆ.

“ಗೊತ್ತಿತ್ತಲ್ಲ ಮಾವ” ಎಂದಳು. “ನೀವೇ ಅಷ್ಟು ಬಿಡಿಸಿ ಹೇಳಿದ್ರಲ್ಲ.”

ನಾನು ಅವಳ ಮುಖ ನೋಡಿದೆ. ಅವಳು ಬಸ್ಸು ಬರುವ ದಿಕ್ಕಿಗೆ ನೋಡುತ್ತಿದ್ದಳು.

“ದಿನೇಶಣ್ಣ ಒಳ್ಳೆಯವನೇ. ಕೇಳ್ದ. ಅತ್ತೆಗೆ ಇಲ್ಲ ಹೇಳೂಕೆ ಬಾಯಿ ಬತ್ತಿರಲಿಲ್ಲ. ಕೊಟ್ಟು, ಆಮೇಲೆ ಯಾರಿಗೂ ಹೇಳದೆ ಅಳ್ತಿದ್ರು. ಆ ಅಳು ನಾನು ಕಾಣೂಕಾಗ್ತಿರಲಿಲ್ಲ.” ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿದಳು. “ಕನ್ನಡಿ ಹೋತದೆ ಅಂತ ಬೇಜಾರಾಯ್ತು. ಆದ್ರೂ ತಿಕ್ಕಿದೆ ಮಾವ.”

ದೂರದಲ್ಲಿ ಬಸ್ಸು ಕಾಣಿಸಿತು. “ಅತ್ತೆಗೆ ಹೇಳಲ್ವಾ?” ಎಂದು ಕೇಳಿದೆ.

“ಹೇಳಿದ್ರೆ ನಾಳೆಯೇ ದಿನೇಶಣ್ಣಂಗೆ ಫೋನು ಮಾಡಿ ತಪ್ಪಾಯ್ತು ಅಂತಾರೆ. ಅವರಿಗೆ ಸುಳ್ಳು ದಕ್ಕೂದಿಲ್ಲ” ಎಂದಳು. “ಬೈತ್ರು, ಬೈಲಿ. ಬೈದು ಬೈದು ಸಾಕಾದ ಮೇಲೆ ಗಂಟು ಬಿಚ್ಚಿ ನೋಡ್ತ್ರಲ್ಲ. ಅವರಣ್ಣ ಅಲ್ಲೇ ಇರ್ತಾರೆ.”